ಮೂರನೆಯ ಸಾಲು

ಹಳೆಯ ಕಾರು ಬೇಕರಿಯ ಮುಂದೆಯೇ ಪ್ರಾಣ ಬಿಟ್ಟಿತು. ಒಂದೆರಡು ಸಲ ಕೆಮ್ಮಿ, ಬಾನೆಟ್ಟಿನ ಸಂದಿಯಿಂದ ಹೊಗೆಯುಗುಳಿ ಸುಮ್ಮನಾಯಿತು. ಓಡಿಸುತ್ತಿದ್ದ ಬೇಕರಿಯಾಕೆ ಇಳಿದು ಮುಂದೆ ಬಂದು ಅದನ್ನು ಸ್ವಲ್ಪ ಹೊತ್ತು ನೋಡಿದಳು.

"ಸಾಕಾಯ್ತು ಬಿಡು ನಿಂಗೂ" ಎಂದಳು.

ಆ ಬೀದಿಯಲ್ಲಿ ಅವಳ ಗಾಡಿ ಓಡಿಸುವ ಕೈಗೆ ಹೆಸರಿತ್ತು. ಬೆಳಕು ಹರಿಯುವ ಹೊತ್ತಿಗೆ ತನ್ನ ಪುಟ್ಟ ವ್ಯಾನಿನಲ್ಲಿ ಬ್ರೆಡ್ಡು ತುಂಬಿಕೊಂಡು ಹೊರಟರೆ, ಸೈಕಲ್ಲು ತಡವರಿಸುವ ಸಂದಿಗಳಲ್ಲೂ ನುಗ್ಗಿ ಅಂಗಡಿಯಂಗಡಿಗೆ ಹಾಕಿ, ಮಕ್ಕಳು ಶಾಲೆಗೆ ಹೊರಡುವಷ್ಟರಲ್ಲಿ ಮನೆಗೆ ಬಂದಿರುತ್ತಿದ್ದಳು. ಆದರೆ ವ್ಯಾನಿನಲ್ಲಿ ಮುಂದೆ ಇಬ್ಬರಿಗಷ್ಟೇ ಜಾಗ. ಮನೆಯಲ್ಲಿದ್ದವರು ಏಳು ಮಂದಿ: ಅವಳು, ಅವಳ ಗಂಡ, ಅತ್ತೆ, ಮಾವ, ಕಾಲುಗಳೇ ಮೈಗಿಂತ ಬೇಗ ಬೆಳೆಯುತ್ತಿದ್ದುದರಿಂದ ಎಲ್ಲರೂ ಕೊಕ್ಕರೆ ಎಂದು ಕರೆಯುತ್ತಿದ್ದ ದೊಡ್ಡ ಮಗಳು, ಮತ್ತೆ ಇಬ್ಬರು ಅವಳಿ ಹುಡುಗಿಯರು.

ಗಂಡನಿಗೆ ಗುಡ್ಡದ ಮೇಲಿನ ಜಲಾಶಯದಲ್ಲಿ ಗೇಟು ನೋಡಿಕೊಳ್ಳುವ ಕೆಲಸ. ಒಂದು ತಿಂಗಳು ಅವನು ಅಲ್ಲಿದ್ದರೆ ಮುಂದಿನ ತಿಂಗಳು ಅವನ ಜೊತೆಗಾರ. ಗುಡ್ಡದ ಬುಡದವರೆಗೆ ಡಾಂಬರು ರಸ್ತೆಯಿತ್ತು. ಅಲ್ಲಿಂದ ಮುಂದೆ ಸೇತುವೆಯಿಲ್ಲದ ಒಂದು ಹೊಳೆ, ಹೊಳೆಯಾಚೆ ಬರೀ ಕಲ್ಲಿನ ದಾರಿ. ಮನೆಯವರು ಅವನನ್ನು ನೋಡಲು ಹೊರಟರೆ ಹಳೆಯ ಕಾರು ಹೊಳೆಯ ತನಕ ಹೋಗುತ್ತಿತ್ತು. ಅಲ್ಲಿ ಇಲಾಖೆಯ ಟ್ರ್ಯಾಕ್ಟರು ಬಂದು ಅವರನ್ನು ಹತ್ತಿಸಿಕೊಳ್ಳುತ್ತಿತ್ತು. ಮಾವನಿಗೆ ದೊಡ್ಡ ಮೈ, ಕೆಟ್ಟ ಮಂಡಿ. ಗಡಿಯಾರ ರಿಪೇರಿ ಮಾಡುತ್ತಾ ಜೀವಮಾನವೆಲ್ಲ ಕೂತೇ ಕಳೆದವರು. ಟ್ರ್ಯಾಕ್ಟರಿನ ತೊಟ್ಟಿಗೆ ಹತ್ತುವುದು ಅವರಿಂದಾಗದ ಮಾತು. ಹಾಗಾಗಿ ಮಗ ಇರುವ ಜಾಗ ಹೇಗಿದೆ ಎಂಬುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

"ಈ ಸಲ ತಗೊಳ್ಳೋ ಗಾಡಿ ಹೊಳೆ ದಾಟಬೇಕು" ಎಂದರು ಅತ್ತೆ. "ಮತ್ತೆ ಏಳೂ ಜನ ಒಂದೇ ಗಾಡೀಲಿ ಕೂರಬೇಕು."

ಅತ್ತೆ ನಿವೃತ್ತ ಬಸ್ ಕಂಡಕ್ಟರ್. ಕುಳ್ಳಗೆ, ಗಟ್ಟಿ ಗಂಟಲಿನ ಹೆಂಗಸು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೀದಿಗೆಲ್ಲ ಅವರು ಕಂಡಕ್ಟರಮ್ಮನೇ. ಮನೆಗೆ ನೆಂಟರು ಬಂದರೆ ಕೂರಿಸುವುದರಲ್ಲೂ ಅದೇ ಗತ್ತು: "ನೀವು ಸ್ವಲ್ಪ ಆ ಕಡೆ ಸರೀರಿ, ಇಲ್ಲಿ ಇನ್ನೊಬ್ಬರು ಆಗುತ್ತೆ."

"ಅತ್ತೆ, ದಿನಾ ಓಡಿಸೋಳು ನಾನು" ಎಂದಳು ಬೇಕರಿಯಾಕೆ. "ವರ್ಷದಲ್ಲಿ ಎಷ್ಟು ಸಲ ಏಳು ಜನ ಒಟ್ಟಿಗೆ ಹೋಗ್ತೀವಿ? ಉಳಿದ ದಿನ ಖಾಲಿ ಸೀಟು ಹೊತ್ಕೊಂಡು ತಿರುಗಬೇಕು. ಐದು ಸೀಟಿನ ಗಟ್ಟಿ ಗಾಡಿ ಸಾಕು. ಎರಡು ಸಲ ಹೋಗಿ ಬಂದ್ರಾಯ್ತು."

"ಖಾಲಿ ಸೀಟು ಏನು ಭಾರ ಕಣೇ? ಜಾಗ ಇಲ್ಲ ಅಂತ ಸ್ಟಾಪಲ್ಲೇ ಬಿಟ್ಟು ಬಂದೋರ ಮುಖ ಇರುತ್ತಲ್ಲ, ಅದು ಭಾರ. ಅದನ್ನ ನಾನು ಬೇಕಾದಷ್ಟು ಹೊತ್ತಿದ್ದೀನಿ."

ಸೊಸೆ ವ್ಯಾನಿಗೆ ಬ್ರೆಡ್ಡು ತುಂಬತೊಡಗಿದಳು. ಒಪ್ಪಿಕೊಂಡಳೆಂದೂ ಅಲ್ಲ.

ಹಳೆಯ ಗಾಡಿಗಳನ್ನು ಮಾರುವ ಮಳಿಗೆಗೆ ಇಬ್ಬರೂ ಕೊಕ್ಕರೆಯನ್ನು ಕರೆದುಕೊಂಡು ಹೋದರು. ನಡುವಯಸ್ಸಿನ ಸೇಲ್ಸ್‌ಮನ್ ಒಬ್ಬ ಅವರನ್ನು ನೇರವಾಗಿ ಫಳಫಳ ಹೊಳೆಯುವ ಒಂದು ದೊಡ್ಡ ಗಾಡಿಯ ಬಳಿ ನಿಲ್ಲಿಸಿ ಮುಂದಿನ ಬಾಗಿಲು ತೆಗೆದ.

"ಕೂತು ನೋಡಿ ಅಮ್ಮ. ಸೀಟು ಬಿಸಿ ಬೇಕಾದ್ರೆ ಬಿಸಿ, ತಣ್ಣಗೆ ಬೇಕಾದ್ರೆ ತಣ್ಣಗೆ."

"ಮುಂದಿನ ಸೀಟು ಎಲ್ಲಾ ಗಾಡೀಲೂ ಚೆನ್ನಾಗೇ ಇರುತ್ತಪ್ಪ" ಎಂದರು ಕಂಡಕ್ಟರಮ್ಮ. "ಕಾಸು ಕೊಡೋರು ಅಲ್ಲೇ ತಾನೆ ಕೂರೋದು. ನಾನು ಹಿಂದೆ ಕೂರೋಳು."

ಅವರು ನಡುವಿನ ಸೀಟು ಮಡಚಿಸಿ, ಸೆರಗು ಸಿಕ್ಕಿಸಿಕೊಂಡು, ಮೂರನೆಯ ಸಾಲಿಗೆ ತೂರಿಕೊಂಡರು. ಒಳಗಿಂದ ಧ್ವನಿ ಬಂತು.

"ಮಂಡಿ ಗಲ್ಲಕ್ಕೆ ತಾಗ್ತಿದೆ. ನನಗೇ ಹೀಗಾದ್ರೆ ಈ ಕೊಕ್ಕರೇನ ಮಡಚಿ ಇಡಬೇಕಾಗುತ್ತೆ."

ಸೇಲ್ಸ್‌ಮನ್ ನಕ್ಕ. ಮುಚ್ಚುಮರೆ ಮಾಡಲಿಲ್ಲ. "ಕಲ್ಲು ಬಡಿದ್ರೂ ಜಗ್ಗಬಾರದು ಅಂತ ಕೆಳಗೆ ದಪ್ಪ ಕಬ್ಬಿಣದ ಚೌಕಟ್ಟು ಇಟ್ಟಿರ್ತಾರೆ. ಅದರ ಮೇಲೆ ನೆಲ ಬರುತ್ತೆ. ನೆಲ ಮೇಲೆ ಬಂದ್ರೆ ಕಾಲಿಗೆ ಜಾಗ ಎಲ್ಲಿಂದ ಬರಬೇಕು? ಗಟ್ಟಿತನ ಬೇಕಂದ್ರೆ ಇನ್ನೆಲ್ಲೋ ಬಿಟ್ಟುಕೊಡಬೇಕು, ಅಮ್ಮ."

"ನೀನು ಒಳ್ಳೆಯವನಪ್ಪ, ಇದ್ದದ್ದು ಹೇಳ್ತೀಯ. ಮುಂದಿನದು ತೋರ್ಸು."

ಮುಂದಿನದು ರೈಲು ಡಬ್ಬಿಯಷ್ಟು ಉದ್ದ. ಮೂರನೆಯ ಸಾಲಿನಲ್ಲಿ ಕೊಕ್ಕರೆ ಕಾಲು ಚಾಚಿ ಕೂತಳು. ಕಂಡಕ್ಟರಮ್ಮ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದರು. ಅವರ ಮಟ್ಟಿಗೆ ವ್ಯಾಪಾರ ಮುಗಿದಿತ್ತು. ಬೇಕರಿಯಾಕೆ ಅದನ್ನು ತಮ್ಮ ಬೀದಿಗೇ ಓಡಿಸಿಕೊಂಡು ಬಂದಳು. ಮನೆಯ ಸಂದಿಗೆ ತಿರುಗುವಲ್ಲಿ ಒಂದು ಲೈಟುಕಂಬವಿದೆ. ಮುಂದೆ ಹೋದಳು, ಹಿಂದೆ ಬಂದಳು, ಮತ್ತೆ ಮುಂದೆ ಹೋದಳು. ಮೂಲೆಮನೆಯವರು ಹೊರಗೆ ಬಂದು ತಮ್ಮ ಹೂಕುಂಡಗಳನ್ನು ಒಂದೊಂದಾಗಿ ಒಳಗೆ ಸಾಗಿಸತೊಡಗಿದರು.

"ಇದನ್ನ ತರಬೇಕಂದ್ರೆ ಮನೇನೇ ಹಿಂದಕ್ಕೆ ಸರಿಸಬೇಕು ಅತ್ತೆ" ಎಂದಳು ಸೊಸೆ.

ಕಂಡಕ್ಟರಮ್ಮ ಕಂಬ ನೋಡಿದರು, ಸೊಸೆಯ ಬೆವರಿದ ಹಣೆ ನೋಡಿದರು. "ಹೌದು, ನನ್ನ ಆರಾಮಕ್ಕೆ ನಿನ್ನ ತೋಳು ಬಿದ್ದುಹೋಗುತ್ತೆ" ಎಂದರು.

ಮೂರನೆಯದನ್ನು ಸೇಲ್ಸ್‌ಮನ್ ತಾನಾಗಿ ತೋರಿಸಲಿಲ್ಲ. ಮಳಿಗೆಯ ಹಿಂದಿನ ಗೋಡೆಯ ಪಕ್ಕದಲ್ಲಿ ನಿಂತಿದ್ದುದನ್ನು ಕೊಕ್ಕರೆ ಕಂಡಳು. ಕೆಸರು ತೊಳೆದ ನೀರಿನ ಬಣ್ಣ, ಪೆಟ್ಟಿಗೆಗೆ ಚಕ್ರ ಹಚ್ಚಿದ ರೂಪ. ಉದ್ದ ಕಡಿಮೆ, ಎತ್ತರ ಜಾಸ್ತಿ. ಆ ಎತ್ತರವೇ ಕೆಲಸಕ್ಕೆ ಬಂತು. ಕಾಲು ಚಾಚಿ ಕೂರಲಾಗದಿದ್ದರೂ ಕುರ್ಚಿಯಲ್ಲಿ ಕೂತ ಹಾಗೆ ನೆಟ್ಟಗೆ ಕೂರಬಹುದಿತ್ತು. ಸಂಕಟಗಳೂ ಇದ್ದವು. ಮೂರನೆಯ ಸಾಲು ಎಬ್ಬಿಸಿದರೆ ಡಿಕ್ಕಿಯಲ್ಲಿ ಶಾಲೆಯ ಚೀಲ ಇಡುವಷ್ಟು ಜಾಗ ಮಾತ್ರ ಉಳಿಯುತ್ತಿತ್ತು. ನಡುವಿನ ಸಾಲಿನಲ್ಲಿ ಅವಳಿಗಳ ಪುಟ್ಟ ಸೀಟುಗಳನ್ನು ಬಿಗಿದರೆ ಅದನ್ನು ಮಡಚಿ ಹಿಂದಕ್ಕೆ ದಾಟಲು ದಾರಿಯೇ ಇರಲಿಲ್ಲ. ಡಿಕ್ಕಿಯ ಬಾಗಿಲಿನಿಂದಲೇ ಹತ್ತಬೇಕು.

"ಹಿಂದಿನ ಬಾಗಿಲಲ್ಲಿ ಹತ್ತಿ ಇಳಿದೇ ಪಿಂಚಣಿ ತಗೊಂಡೋಳು ನಾನು" ಎಂದು ಕಂಡಕ್ಟರಮ್ಮ ಹತ್ತಿಯೇಬಿಟ್ಟರು.

ಬೇಕರಿಯಾಕೆ ಅದನ್ನೂ ಲೈಟುಕಂಬದ ಹತ್ತಿರ ತಂದಳು. ಎರಡು ಕನ್ನಡಿಗಳನ್ನೂ ಮಡಚಿದರೆ, ಉಸಿರು ಬಿಗಿಹಿಡಿದರೆ, ಒಂದೇ ಸಲಕ್ಕೆ ತಿರುಗುತ್ತಿತ್ತು. ಅವಳಿಗೆ ಆ ಗಾಡಿ ಇಷ್ಟವಾಗಲಿಲ್ಲ. ಸ್ಟೇರಿಂಗು ಒರಟು, ಕ್ಲಚ್ಚು ಬಿರುಸು, ಓಡುವಾಗ ಒಳಗೆಲ್ಲ ಗಡಗಡ. ಆದರೂ ಬೇಡವೆನ್ನಲು ಬಾಯಿ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೂ ಅಷ್ಟು ಖುಷಿಯಾಗಿ ಕೂತಿದ್ದರು. ಅದನ್ನೇ ಕೊಂಡರು.

ಗಂಡನ ಸರದಿ ಮುಗಿಯುವ ದಿನ ಅವನನ್ನು ಕರೆತರಲು ಎಲ್ಲರೂ ಗುಡ್ಡಕ್ಕೆ ಹೊರಟರು. ಮಾವನಿಗೆ ಮುಂದಿನ ಸೀಟು. ಮರದ ಮಣೆಯೊಂದರ ಮೇಲೆ ಕಾಲಿಟ್ಟು, ಮೇಲಿನ ಹಿಡಿ ಹಿಡಿದು, ಸೊಸೆ ಒಂದು ಕಡೆ ಮೊಮ್ಮಗಳು ಒಂದು ಕಡೆ ನೂಕಿ ಅವರು ಹತ್ತಿದ್ದಾಯಿತು. ಹತ್ತಿದ ಮೇಲೆ ಇಳಿಯುವ ಮಾತೇ ಇಲ್ಲವೆಂಬಂತೆ ಬೆಲ್ಟು ಬಿಗಿದುಕೊಂಡರು. ಹೊಳೆಯಲ್ಲಿ ನೀರು ತಿಳಿಯಾಗಿತ್ತು, ಕಲ್ಲುಗಳು ಕಾಣುತ್ತಿದ್ದವು. ಬೇಕರಿಯಾಕೆ ಗೇರು ತಗ್ಗಿಸಿ, ನಾಲ್ಕು ಚಕ್ರಕ್ಕೂ ಎಳೆತ ಕೊಟ್ಟು, ನೀರಿಗೆ ಇಳಿಸಿದಳು. ಪೇಟೆಯಲ್ಲಿ ಒರಟಾಗಿದ್ದ ಅದೇ ಗಾಡಿ ಕಲ್ಲಿನ ಮೇಲೆ ಎಮ್ಮೆಯ ಹಾಗೆ ನಿಧಾನವಾಗಿ, ಗಾಬರಿಯಿಲ್ಲದೆ ನಡೆಯಿತು. ಆಚೆ ದಡ ಹತ್ತಿದಾಗ ಅವಳಿಗೇ ಗೊತ್ತಿಲ್ಲದೆ ಅವಳ ಕೈ ಸ್ಟೇರಿಂಗನ್ನು ಒಮ್ಮೆ ತಟ್ಟಿತು.

ಮೇಲೆ, ವಸತಿಗೃಹದ ಮುಂದೆ, ಮಾವ ಇಳಿದು ನಿಂತು ನೀರು ನೋಡಿದರು. ಕಣ್ಣು ಹಾಯುವಷ್ಟು ದೂರ ನೀರು. "ಇಷ್ಟು ದೊಡ್ಡದಾ" ಎಂದರು. ಮಗ ಅವರ ಪಕ್ಕದಲ್ಲಿ ನಿಂತು ಯಾವ ಗೇಟು ಯಾವುದಕ್ಕೆ ಎಂದು ಕೈ ತೋರಿಸಿ ಹೇಳುತ್ತಿದ್ದರೆ, ಅವರು ಶಾಲೆಯ ಹುಡುಗನ ಹಾಗೆ ತಲೆಯಾಡಿಸುತ್ತಿದ್ದರು.

ಜೊತೆಗಾರ ಹಿಂದಿನ ದಿನವೇ ಬಂದು ಕೆಲಸ ವಹಿಸಿಕೊಂಡಿದ್ದ. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕಾದ ಆಳು. ಹಾಗಾಗಿ ಎಲ್ಲರಿಗೂ ಅವನು ಉದ್ದಣ್ಣ. ಅವಳಿಗಳಿಬ್ಬರನ್ನೂ ಒಂದೊಂದು ಹೆಗಲ ಮೇಲೆ ಕೂರಿಸಿಕೊಂಡು ಅಂಗಳ ಸುತ್ತಿಸಿ, ಗೇಟಿನ ಚೈನಿಗೆ ಗ್ರೀಸು ಹಚ್ಚಿ ಬರುತ್ತೇನೆಂದು ಹೋದ.

ಎಲ್ಲರೂ ಬ್ರೆಡ್ಡು, ಬೇಯಿಸಿದ ಮೊಟ್ಟೆ ಬಿಚ್ಚಿಕೊಂಡು ಕೂತಿದ್ದಾಗ ಕಬ್ಬಿಣದ ಸದ್ದು ಕೇಳಿಸಿತು, ಆಮೇಲೆ ಒಂದು ಕೂಗು. ಗಂಡ ಓಡಿದ. ಉದ್ದಣ್ಣ ಗೇಟಿನ ಏಣಿಯಿಂದ ಜಾರಿ ಕೆಳಗೆ ಬಿದ್ದಿದ್ದ. ಪ್ರಜ್ಞೆ ಇತ್ತು. ಬಲಗಾಲು ಮಾತ್ರ ತನ್ನದಲ್ಲವೆಂಬಂತೆ ಹೊರಕ್ಕೆ ತಿರುಗಿಕೊಂಡಿತ್ತು.

ಆಸ್ಪತ್ರೆಗೆ ಫೋನು ಮಾಡಿದರು. ಆಂಬುಲೆನ್ಸು ಹೊಳೆಯ ತನಕ ಬರುತ್ತದೆ, ಆಚೆ ದಾಟುವುದಿಲ್ಲ; ಸೊಂಟದ ಮೂಳೆ ಮುರಿದಿರಬಹುದು, ಕೂರಿಸಬೇಡಿ, ನೆಟ್ಟಗೆ ಮಲಗಿಸಿಯೇ ತನ್ನಿ ಎಂದರು. ಟ್ರ್ಯಾಕ್ಟರಿನ ತೊಟ್ಟಿಯಲ್ಲಿ ಮಲಗಿಸಿ ಒಯ್ದರೆ ಆ ಕಲ್ಲುದಾರಿಯ ಕುಲುಕಾಟಕ್ಕೆ ಮನುಷ್ಯ ಉಳಿಯುವ ಹಾಗಿರಲಿಲ್ಲ. ಎಲ್ಲರ ಕಣ್ಣೂ ಮಣ್ಣುಬಣ್ಣದ ಗಾಡಿಯ ಕಡೆ ಹೋಯಿತು.

"ಇಷ್ಟುದ್ದದ ಆಳು ಹೇಗೆ ಹಿಡೀತಾನೆ ಅದರಲ್ಲಿ" ಎಂದ ಗಂಡ.

"ಮೂಲೆಯಿಂದ ಮೂಲೆಗೆ" ಎಂದರು ಕಂಡಕ್ಟರಮ್ಮ. ಆಗಲೇ ಅವರು ಡಿಕ್ಕಿಯ ಬಾಗಿಲು ತೆಗೆದಿದ್ದರು. "ಮಕ್ಕಳ ಸೀಟು ಬಿಚ್ಚಿ ಹೊರಗಿಡಿ. ಹಿಂದಿನ ಸಾಲು ಮಲಗಿಸಿ. ನಡುವಿನದರಲ್ಲಿ ಎಡಗಡೆದು ಮಡಚಿ, ಬಲಗಡೆ ಒಂದು ಇರಲಿ. ಮುಂದೆ ಡ್ರೈವರ್ ಪಕ್ಕದ ಸೀಟು ಪೂರ್ತಿ ಹಿಂದಕ್ಕೆ ಒರಗಿಸಿ. ತಲೆ ಹಿಂದೆ, ಕಾಲು ಮುಂದೆ."

ಉಗ್ರಾಣದ ಬಾಗಿಲಿನ ಹಲಗೆಯನ್ನು ಕೀಲಿನಿಂದ ಕಳಚಿ ತಂದು ಉದ್ದಣ್ಣನನ್ನು ಅದರ ಮೇಲೆ ಜಾರಿಸಿದರು. ಗಂಡ, ಟ್ರ್ಯಾಕ್ಟರ್ ಓಡಿಸುವವನು, ಬೇಕರಿಯಾಕೆ, ಕೊಕ್ಕರೆ ನಾಲ್ಕು ಮೂಲೆ ಹಿಡಿದು ಒಳಕ್ಕೆ ತಳ್ಳಿದರು. ಮಡಚಿದ ಸೀಟುಗಳು ಒಂದೇ ಮಟ್ಟಕ್ಕಿರಲಿಲ್ಲ. ನಡುವಿನದು ಎತ್ತರ, ಹಿಂದಿನದು ತಗ್ಗು. ತಗ್ಗಿಗೆ ಮಾವ ತಮ್ಮ ಕೋಟು ಕೊಟ್ಟರು, ಕೊಕ್ಕರೆ ವಸತಿಗೃಹದ ಹಾಸಿಗೆಯನ್ನೇ ಎಳೆದು ತಂದು ತುರುಕಿದಳು. ಹಲಗೆ ಅಲುಗಾಡದಂತೆ ಹಗ್ಗ ಬಿಗಿದರು. ಡಿಕ್ಕಿಯ ಬಾಗಿಲು ಹಾಕಿದಾಗ ಉದ್ದಣ್ಣನ ತಲೆಗೂ ಗಾಜಿಗೂ ನಡುವೆ ಒಂದು ಗೇಣು ಉಳಿಯಿತು. ಅತ್ತ ಅವನ ಕಾಲ್ಬೆರಳು ಗೇರಿನ ಪಕ್ಕದಲ್ಲೇ ಇತ್ತು. ಕಾಲುಚೀಲದಲ್ಲಿ ಒಂದು ತೂತು.

ಉಳಿದದ್ದು ಎರಡು ಸೀಟು. ಗಂಡ ಬಾಗಿಲಿಗೆ ಕೈ ಹಾಕಿದ.

"ನೀನು ಬಂದ್ರೆ ಗೇಟು ಯಾರು ನೋಡ್ತಾರೆ?" ಎಂದರು ಅವನ ತಾಯಿ. "ಅವನು ಬಿದ್ದ ಮೇಲೆ ಇಲ್ಲಿ ನೀನೇ. ಮಕ್ಕಳು, ನಿಮ್ಮಪ್ಪ ನಿನ್ನ ಜೊತೆ ಇರ್ಲಿ." ಅಷ್ಟು ಹೇಳಿ ತಾವು ಹತ್ತಿ ಬಲಗಡೆಯ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡು, ಒಂದು ಕೈಯನ್ನು ಉದ್ದಣ್ಣನ ಎದೆಯ ಮೇಲಿಟ್ಟರು.

ಬೇಕರಿಯಾಕೆ ಗಾಡಿ ಶುರು ಮಾಡಿದಳು. ಮನುಷ್ಯನೊಬ್ಬನ ನೋವು ತನ್ನ ಕಾಲ ಕೆಳಗಿನ ಕ್ಲಚ್ಚಿನಲ್ಲಿದೆ ಎಂಬುದು ಮೊದಲನೆಯ ಕಲ್ಲಿಗೇ ಅವಳಿಗೆ ಗೊತ್ತಾಯಿತು. ಹಿಂದಿನಿಂದ ಹಲ್ಲು ಕಡಿದ ಸದ್ದು ಬಂತು.

"ಹೋಲ್ಡಾನ್" ಎಂದರು ಕಂಡಕ್ಟರಮ್ಮ.

ಅವಳು ನಿಲ್ಲಿಸಿದಳು. ಅತ್ತೆ ಅವನ ಮುಖವನ್ನೇ ನೋಡುತ್ತಿದ್ದರು. ಬಿಗಿದ ದವಡೆ ಸಡಿಲವಾದ ಮೇಲೆ, "ರೈಟ್" ಎಂದರು. ಅವಳು ಹೊರಟಳು.

ಗುಡ್ಡ ಇಳಿದು ಮುಗಿಯುವವರೆಗೂ ಅತ್ತೆ ಸೊಸೆಯ ನಡುವೆ ಇದ್ದದ್ದು ಹೆಚ್ಚುಕಡಿಮೆ ಆ ಎರಡು ಮಾತು ಮಾತ್ರ. ಸೊಸೆ ಹಿಂದೆ ತಿರುಗಿ ನೋಡಲಿಲ್ಲ. ಅತ್ತೆ ದಾರಿ ನೋಡಲಿಲ್ಲ. ದಾರಿ ಅವಳದು, ಮುಖ ಇವರದು. ಇಷ್ಟು ವರ್ಷ ಯಾವ ಮಾತಿಗೂ ಎದುರುಮಾತು ಹುಡುಕುತ್ತಿದ್ದ ಬೇಕರಿಯಾಕೆ, ಹೋಲ್ಡಾನ್ ಎಂದ ಕ್ಷಣಕ್ಕೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುವುದನ್ನು ಕಂಡು ಒಳಗೊಳಗೇ ಬೆರಗಾದಳು.

ನೋವಿನ ನಡುವೆ ಉದ್ದಣ್ಣನ ಕಣ್ಣು ಮುಚ್ಚತೊಡಗಿದಾಗ ಕಂಡಕ್ಟರಮ್ಮ ಅವನನ್ನು ಮಾತಿಗೆಳೆದರು.

"ಎಲ್ಲಿಗಪ್ಪ ಟಿಕೆಟ್?"

"ಆಸ್ಪತ್ರೆಗೆ" ಎಂದ ಅವನು ಕ್ಷೀಣವಾಗಿ.

"ನಿನ್ನ ಉದ್ದಕ್ಕೆ ಒಂದೂವರೆ ಟಿಕೆಟ್ ಆಗುತ್ತೆ."

ಅವನಿಗೆ ನಗು ಬಂತು, ನಗುವಿನ ಜೊತೆ ನೋವೂ ಬಂತು. "ನಗಿಸಬೇಡಿ ಅಮ್ಮ, ನಿಮ್ಮ ದಮ್ಮಯ್ಯ" ಎಂದ. ಕಣ್ಣು ಮಾತ್ರ ತೆರೆದುಕೊಂಡಿತು.

ದಾರಿಯ ನಡುವೆ ಒಂದು ಇಕ್ಕಟ್ಟು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಬರುವಾಗ ಕನ್ನಡಿ ಮಡಚಿ ಸಲೀಸಾಗಿ ದಾಟಿದ್ದಳು. ಈಗ ಇಳಿಜಾರಿನ ಅಂಚಿನ ಮಣ್ಣು ತುಸು ಕುಸಿದಿತ್ತು. ಐದು ಸೀಟಿನ ಗಾಡಿಯಾಗಿದ್ದರೆ ಒಂದು ಕೈ ಅಗಲ ಕಡಿಮೆ ಇರುತ್ತಿತ್ತು, ನುಸುಳಿಬಿಡುತ್ತಿತ್ತು ಎಂಬ ಯೋಚನೆ ಅವಳ ತಲೆಯಲ್ಲಿ ಹಾದುಹೋಯಿತು. ಆದರೆ ಅದರಲ್ಲಿ ಉದ್ದಣ್ಣನನ್ನು ಮಲಗಿಸಲಾಗುತ್ತಿರಲಿಲ್ಲ. ಅವಳು ಬಂಡೆಯ ಕಡೆಗೇ ಒತ್ತಿದಳು. ಎಡಬದಿಯ ಬಾಗಿಲುಗಳುದ್ದಕ್ಕೂ ಕಲ್ಲು ಉಜ್ಜಿದ ಸದ್ದು ಹಲ್ಲು ಜುಮ್ಮೆನ್ನಿಸಿತು.

"ಬಣ್ಣ ತಾನೆ, ಹೋಗ್ಲಿ" ಎಂದರು ಹಿಂದಿನಿಂದ. "ರೈಟ್."

ಹೊಳೆಯ ಆಚೆ ದಡದಲ್ಲಿ ಬಿಳಿ ಆಂಬುಲೆನ್ಸು ಕಾಣಿಸಿತು. ನೀರಿನಲ್ಲಿ ಅವಳು ಒಮ್ಮೆಯೂ ನಿಲ್ಲಿಸಲಿಲ್ಲ, ಅತ್ತೆಯೂ ನಿಲ್ಲಿಸು ಎನ್ನಲಿಲ್ಲ. ಕಲ್ಲಿನಿಂದ ಕಲ್ಲಿಗೆ ಚಕ್ರ ಇಟ್ಟು, ಅಕ್ಕಪಕ್ಕ ನೀರು ಸೀಳಿಕೊಂಡು, ಗಾಡಿ ದಡ ಹತ್ತಿತು. ಆಂಬುಲೆನ್ಸಿನವರು ಹಲಗೆಯ ಸಮೇತ ಉದ್ದಣ್ಣನನ್ನು ಎಳೆದುಕೊಂಡು ತಮ್ಮ ಸ್ಟ್ರೆಚರಿಗೆ ಹಾಕಿಕೊಂಡರು. ಜೊತೆಗಿದ್ದ ನರ್ಸು ಕಾಲಿನ ನಾಡಿ ಮುಟ್ಟಿ ನೋಡಿದಳು.

"ರಕ್ತ ಚೆನ್ನಾಗಿ ಓಡ್ತಿದೆ. ಒಂಚೂರೂ ಅಲುಗಾಡಿಸದ ಹಾಗೆ ತಂದಿದ್ದೀರಿ, ಈ ದಾರೀಲಿ" ಎಂದಳು.

"ತಂದಿದ್ದು ಇವಳು" ಎಂದರು ಕಂಡಕ್ಟರಮ್ಮ, ಸೊಸೆಯ ಬೆನ್ನ ಮೇಲೆ ಕೈಯಿಟ್ಟು. "ಜೀವನಪೂರ್ತಿ ಡ್ರೈವರುಗಳ ಹಿಂದೆ ನಿಂತೋಳು ನಾನು. ಹೀಗೆ ಇಳಿಸಿದೋರನ್ನ ನೋಡಿಲ್ಲ."

ಆಂಬುಲೆನ್ಸು ಕಣ್ಮರೆಯಾದ ಮೇಲೆ ಬೇಕರಿಯಾಕೆ ಡಿಕ್ಕಿಯ ಬಾಗಿಲು ಹಾಕಿದಳು. ಹೊಳೆಯ ದಡದ ಕಲ್ಲಿನ ಮೇಲೆ ಕೂತಳು. ಅತ್ತೆ ಸೆರಗನ್ನು ನೀರಿನಲ್ಲಿ ಅದ್ದಿ ತಂದು ಅವಳ ಮುಖ ಒರೆಸಿದರು. ಮಗಳಿಗೆ ಒರೆಸುವ ಹಾಗೆ, ಸ್ವಲ್ಪ ಒರಟಾಗಿಯೇ.

"ನಿಮಗೆ ಹೆದರಿಕೆ ಆಗ್ಲಿಲ್ವಾ ಅತ್ತೆ?"

"ಆಗಿತ್ತು. ಅದಕ್ಕೇ ದಾರಿ ಕಡೆ ನೋಡ್ಲಿಲ್ಲ."

ಇಬ್ಬರೂ ನಕ್ಕರು. ಬಿಸಿಲು ಇಳಿಯುವ ಮೊದಲು ಮತ್ತೆ ಗುಡ್ಡ ಹತ್ತಬೇಕಿತ್ತು, ಮಕ್ಕಳು, ಮಾವ ಕಾಯುತ್ತಿದ್ದರು. ಹೋಗುವಾಗ ಸೊಸೆ ದಾರಿಯುದ್ದಕ್ಕೂ ಮಾತಾಡಿದಳು. ಬಸ್ಸಿನ ದಿನಗಳ ಬಗ್ಗೆ ಇಷ್ಟು ವರ್ಷ ಕೇಳದಿದ್ದದ್ದನ್ನೆಲ್ಲ ಕೇಳಿದಳು. ತುಂಬಿದ ಬಸ್ಸಿನಲ್ಲಿ ಬಸುರಿಗೆ ಸೀಟು ಬಿಡಿಸಿದ್ದು, ಕುರುಡನೊಬ್ಬ ದಿನವೂ ಧ್ವನಿಯಿಂದಲೇ ತಮ್ಮನ್ನು ಗುರುತಿಸುತ್ತಿದ್ದದ್ದು, ಎಲ್ಲವನ್ನೂ ಕಂಡಕ್ಟರಮ್ಮ ಹೇಳಿದರು. ಅಷ್ಟು ಕಾಲ ನಿಂತೇ ಇದ್ದ ಹೆಂಗಸು ಎಲ್ಲರಿಗೂ ಕೂರುವ ಜಾಗ ಬೇಕೆಂದು ಹಟ ಹಿಡಿದದ್ದು ಯಾಕೆಂದು ಅವಳಿಗೆ ಈಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೇಲೆ ಬಂದರೆ ಅಲ್ಲಿ ಬೇರೆಯೇ ಸುದ್ದಿ. ಮಾವ ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ನೀರಿನ ಮಟ್ಟ ತೋರಿಸುವ ಕೆಟ್ಟ ಯಂತ್ರವೊಂದನ್ನು ಮಡಿಲಲ್ಲಿ ಬಿಚ್ಚಿ ಹರಡಿಕೊಂಡು ಕೂತಿದ್ದರು.

"ಮಗ ಒಬ್ಬನೇ ಇನ್ನೆಷ್ಟು ದಿನ ಇರಬೇಕೋ. ನಾನು ಇಲ್ಲೇ ಇರ್ತೀನಿ" ಎಂದರು ತಲೆಯೆತ್ತದೆ. "ಇದರೊಳಗೆ ಗಡಿಯಾರದ್ದೇ ಚಕ್ರಗಳು ಇವೆ. ಯಾರೂ ಎಣ್ಣೆ ಬಿಟ್ಟಿಲ್ಲ."

"ಔಷಧಿ?" ಎಂದರು ಕಂಡಕ್ಟರಮ್ಮ.

"ಇವಳು ವಾರವಾರ ತಂದುಕೊಡ್ತಾಳೆ. ಗಾಡಿ ಇದೆಯಲ್ಲ."

ಸೊಸೆ ಗಂಡನ ಮುಖ ನೋಡಿದಳು. ತಿಂಗಳು ಮುಗಿಸಿ ಮನೆಗೆ ಹೊರಟು ನಿಂತವನಿಗೆ ಮತ್ತೆ ಅಲ್ಲೇ ಉಳಿಯುವ ಬೇಸರ ಇರಲಿಲ್ಲವೆಂದಲ್ಲ. ಆದರೂ ಅಪ್ಪನ ಬಗ್ಗಿದ ತಲೆಯನ್ನು ನೋಡುತ್ತಾ ಅವನು ಸುಮ್ಮನೆ ನಗುತ್ತಿದ್ದ.

ಉದ್ದಣ್ಣನಿಗೆ ಆಪರೇಶನ್ ಆಯಿತು. ಸೊಂಟಕ್ಕೆ ಸರಳು ಹಾಕಿದರು, ಒಂದು ಬೆರಳು ಗಿಡ್ಡವಾದೆ ಎಂದು ಅವನೇ ಹೇಳಿಕೊಂಡು ನಗುವಷ್ಟು ಬೇಗ ಚೇತರಿಸಿಕೊಂಡ. ಅವನು ಕೋಲು ಹಿಡಿದು ನಡೆಯುವವರೆಗೆ ಬೇಕರಿಯಾಕೆ ವಾರವಾರ ಹೊಳೆ ದಾಟಿದಳು. ಕೆಲವು ವಾರ ಮೂರನೆಯ ಸಾಲು ಮಡಚಿ ಬ್ರೆಡ್ಡು, ಹಾಸಿಗೆ, ಮಾವನ ಔಷಧಿ, ಯಂತ್ರದ ಬಿಡಿಭಾಗ ತುಂಬಿಕೊಂಡು ಒಬ್ಬಳೇ. ಕೆಲವು ವಾರ ಸಾಲು ಎಬ್ಬಿಸಿ, ಸಾಮಾನು ಅರ್ಧಕ್ಕರ್ಧ ಬಿಟ್ಟು, ಮನೆಮಂದಿಯನ್ನೆಲ್ಲ ತುಂಬಿಕೊಂಡು. ಎರಡೂ ಒಟ್ಟಿಗೆ ಎಂದೂ ಆಗಲಿಲ್ಲ. ಅದಕ್ಕಾಗಿ ಅವಳು ಗೊಣಗಲೂ ಇಲ್ಲ. ಪ್ರತಿ ಸಲ ಹೊರಡುವ ಮೊದಲು ಅತ್ತೆಯನ್ನು ಕೇಳುತ್ತಿದ್ದಳು: "ಇವತ್ತು ಜನಾನಾ, ಸಾಮಾನಾ?"

ಕಂಡಕ್ಟರಮ್ಮ ಡಿಕ್ಕಿಯ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಯೋಚನೆ ಮಾಡುತ್ತಿದ್ದರು.